ಮಂಚದ ಕಡೆಗೆ ಇರುವೆ

ಮೇ 19, ಬೆಳಗ್ಗೆ
ಮತ್ತೆ ಕೆಂಪಿರುವೆ. ಕಾವು ಕೂತ ಕೋಳಿಯ ಕೆಳಗೆ ಎರಡು ಮೊಟ್ಟೆ ಒಡೆದಿತ್ತು. ಮರಿಗಳು ಪೂರ್ತಿ ಹೊರಗೆ ಬರುವ ಮೊದಲೇ ಕಣ್ಣು ತಿಂದು ಹಾಕಿವೆ. ಕೋಳಿಗಳಿಗೆಲ್ಲ ಹೇನು. ರೆಕ್ಕೆ ಎತ್ತಿದರೆ ಬುಳುಬುಳು. ಮಾರ್ಗಿಲಾನ್ ಸಂತೆಯಿಂದ ತಂದ ಗಂಧಕ ಬೂದಿಗೆ ಬೆರೆಸಿ ಹನ್ನೊಂದೂ ಕೋಳಿಗೆ ತಿಕ್ಕಿದೆ. ಗೂಡಿನ ನಾಲ್ಕು ಕಾಲಿಗೂ ಡಬ್ಬಿ, ಡಬ್ಬಿಯಲ್ಲಿ ನೀರು, ಮೇಲೆ ಸೀಮೆಎಣ್ಣೆ. ಈಗ ಹತ್ತಲಿ, ನೋಡೋಣ.

ತುರ್ದಿಬಾಯ್‌ಗೆ ಗಂಜಿ ಕುಡಿಸಿದೆ. ಸ್ಟ್ರೋಕ್ ಆಗಿ ಮೂರು ತಿಂಗಳು. ಬಲಗಡೆ ಸತ್ತಿದೆ, ಮಾತಿಲ್ಲ. ಹಗಲೆಲ್ಲ ಹಿಪ್ಪುನೇರಳೆ ಮರದ ಕೆಳಗಿನ ಮಂಚದಲ್ಲಿ. ಜನರ ಮುಂದೆ ಗಂಡನನ್ನು ಅವರು ಎನ್ನುತ್ತೇನೆ. ಈ ಡೈರಿಯಲ್ಲಿ ಅವನು.

ಮೇ 21
ಗೂಡಿನಲ್ಲಿ ಒಂದೂ ಇರುವೆ ಇಲ್ಲ. ಸಾಲು ತಿರುಗಿದೆ — ಮಂಚದ ಕಡೆಗೆ. ಹಣ್ಣು ಉದುರಿ ಹಾಸಿಗೆಯೆಲ್ಲ ಸಿಹಿ. ಸತ್ತ ಕೈ ಮೇಲೆ ಓಡಾಡುತ್ತಿದ್ದವು. ಅದು ಅವನಿಗೆ ಗೊತ್ತಾಗುವುದಿಲ್ಲ. ಕುತ್ತಿಗೆಗೆ ಹತ್ತಿದರೆ ಗೊತ್ತಾಗುತ್ತದೆ.

ಡಬ್ಬಿ ಇನ್ನೂ ನಾಲ್ಕು ಮಿಕ್ಕಿದ್ದವು. ಒಳಗೆ ಹೋಗಿ ಚಹಾ ಕುದಿಸಿದೆ.

ಮೇ 22
ಮದುವೆಯಾದ ಎರಡನೇ ವರ್ಷ. ಪಲಾವ್ ತಳ ಹಿಡಿಯಿತೆಂದು ನನ್ನನ್ನು ಕೋಳಿಗೂಡಿಗೆ ತಳ್ಳಿ ಚಿಲಕ ಹಾಕಿದ. ಆಗಿನದು ಮಣ್ಣಿನ ಗೂಡು, ಬಗ್ಗಿಯೇ ಕೂರಬೇಕು. ಜುಲೈ ಬಿಸಿಲು. ಬೆಳಗ್ಗೆಯಿಂದ ಸಂಜೆವರೆಗೆ. ಮೈತುಂಬ ಕೋಳಿ ಹೇನು. ಆಮೇಲೆ ಕುರಿ ಉಣ್ಣೆಯ ಕತ್ತರಿ ತಂದು ಅಂಗಳದಲ್ಲಿ ನನ್ನ ಜಡೆ ಕತ್ತರಿಸಿದ. ಅವನ ಅಕ್ಕ ಹೊಸಿಯತ್ ನೋಡುತ್ತ ನಿಂತಿದ್ದರು. ಕೇಳಿದವರಿಗೆಲ್ಲ, ಹೇನಾಗಿತ್ತು, ನಾನೇ ಕತ್ತರಿಸಿಕೊಂಡೆ ಎಂದೆ.

ಮಂಚ ಸರಿಸಲಿಲ್ಲ.

ಮೇ 27
ಕೋಳಿಗಳ ಹೇನು ಪೂರ್ತಿ ಹೋಗಿದೆ. ಮೈ ತುಂಬಿಕೊಂಡಿವೆ. ಅವನ ಕುತ್ತಿಗೆ, ಕಿವಿಯ ಹಿಂದೆ ಗುಳ್ಳೆ. ನರ್ಸ್ ಬಂದು ಸೆಕೆಗುಳ್ಳೆ ಎಂದರು. ಒರೆಸಿ, ಒಗೆದ ಅಂಗಿ ಹಾಕಿ, ಮತ್ತೆ ಅಲ್ಲೇ ಮಲಗಿಸಿದೆ. ಹೋಗುವಾಗ ನರ್ಸ್ ಒಂದು ಮಾತು ಹೇಳಿದರು — ಗಂಟಲಲ್ಲಿ ಸದ್ದು ಬರುತ್ತಿದೆಯಂತೆ, ಇನ್ನು ಮಾತೂ ಬರುತ್ತದಂತೆ.

ಅವರನ್ನು ಕಳಿಸಿ ಬಂದು ಅವನ ಬಾಯನ್ನೇ ನೋಡುತ್ತ ಕೂತೆ.

ಜೂನ್ 2, ಮಧ್ಯಾಹ್ನ
ಹೊಸಿಯತ್ ಅಕ್ಕ ಬಂದಿದ್ದರು. ಅವನ ಕೊರಳಪಟ್ಟಿ ಸರಿಸಿ ನೋಡಿದರು.

"ಇದೇನೋ ತಮ್ಮಾ, ಏನ್ ಕಚ್ತೋ?"

ಅವನು ನನ್ನನ್ನೇ ನೋಡಿದ. ಆಮೇಲೆ ತೊದಲಿದ. "ಕೋ... ಕೋಳಿ ಹೇನು."

ಇರುವೆ ಎನ್ನಬಹುದಿತ್ತು. ಎನ್ನಲಿಲ್ಲ. ಹೆದರಿದ್ದಾನೆ.

"ನಿನ್ ಕೈಲಿ ಆಗಲ್ಲ ಕಣೇ. ನಾಳೆ ಕಾರ್ ತರ್ತೀನಿ, ಇವ್ನು ನಮ್ಮನೇಲಿರ್ಲಿ."

"ಬೇಡ ಅಕ್ಕ. ಮೂವತ್ತೊಂದು ವರ್ಷ ಅವ್ರು ನನ್ನ ನೋಡ್ಕೊಂಡಿದಾರೆ. ಇನ್ಮೇಲೆ ನಾನ್ ನೋಡ್ಕೋತೀನಿ."

ಅಕ್ಕನ ಕಣ್ಣು ತುಂಬಿ ಬಂತು. ತಮ್ಮ ಪುಣ್ಯ ಮಾಡಿದ್ದ ಎಂದು ನನ್ನ ತಲೆ ಸವರಿದರು. ಅಕ್ಕ ಎದ್ದಾಗ ಅವನು ಎಡಗೈಯಿಂದ ಅವರ ತಲೆವಸ್ತ್ರದ ತುದಿ ಹಿಡಿದುಕೊಂಡ. ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿದವಳು ನಾನು.

ಜೂನ್ 3, ಬೆಳಗ್ಗೆ
ಮಂಚದಿಂದ ಕರೆಯುತ್ತಿದ್ದಾನೆ. ನನ್ನ ಹೆಸರು ಹಿಡಿದು, ಇಷ್ಟು ವರ್ಷದಲ್ಲಿ ಮೊದಲ ಸಲ. ಇನೋಬತ್... ಇನೋ... ಗಂಟಲು ಒಣಗಿರಬೇಕು. ಬಿಸಿಲೇರಿದೆ. ಮೊದಲು ಕೋಳಿಗೆ ಕಾಳು. ಆಮೇಲೆ ಚಹಾ. ಆಮೇಲೆ ನೋಡೋಣ.