ಯಾರ ಆರೋಗ್ಯ ಯಾರ ಹೊಣೆ?

ಮಾನ್ಯ ಸಾರಿಗೆ ಅಧಿಕಾರಿಗಳೇ,

ನಿಮ್ಮ ಬಸ್ಸುಗಳಲ್ಲಿ ಡ್ರೈವರ್ ಬೆನ್ನ ಹಿಂದೆ ನೀವು ಬರೆಸಿ ಹಾಕಿದ ಹಳದಿ ಫಲಕದಲ್ಲಿ ಒಂದು ಪದ ತಪ್ಪಿದೆ. ಆ ತಪ್ಪು ನನ್ನ ತಂಗಿಯನ್ನು ತಿಂದಿತು. "ನಿಮ್ಮ ಆರೋಗ್ಯ ನಿಮ್ಮ ಹೊಣೆ." ಸಾಂಕ್ರಾಮಿಕ ಬಂದ ಹೊಸತರಲ್ಲಿ ಹಾಕಿದ್ದು, ಇವತ್ತಿಗೂ ತೂಗುತ್ತಿದೆ. ಅಕ್ಷರ ದುಂಡಾಗಿವೆ, ಬಣ್ಣವೂ ಮಾಸಿಲ್ಲ. ರೋಗಕ್ಕೆ ಓದಲು ಬರುವುದಿಲ್ಲ, ಜನಕ್ಕೆ ಬರುತ್ತದೆ. ಕೆಟ್ಟದ್ದು ಅಲ್ಲೇ.

ತಂಗಿ ನಿಮ್ಮಲ್ಲಿ ಕಂಡಕ್ಟರ್ ಆಗಿದ್ದಳು. ಬೀದಿಯ ಆ ತುದಿಗೆ ಕೇಳುವ ಹಾಗೆ ಸೀಟಿ ಊದುತ್ತಿದ್ದಳೆಂದು ಜನ ಸೀಟಿಯಮ್ಮ ಅನ್ನುತ್ತಿದ್ದರು. ನಾನು ಬಟ್ಟೆ ಹೊಲಿಯುವವಳು, ಅವಳ ಮಾಸ್ಕನ್ನು ನಾನೇ ಹೊಲಿದುಕೊಟ್ಟಿದ್ದೆ. ಆದರೆ ಸೀಟಿ ಊದಬೇಕಾದರೆ ಪ್ರತಿ ಸ್ಟಾಪಿನಲ್ಲೂ ಅದನ್ನು ಕೆಳಗಿಳಿಸಲೇಬೇಕು. ಹಾಗಾಗಿ ಅವಳ ಜೀವ ಅವಳ ಕೈಯಲ್ಲಿರಲಿಲ್ಲ, ಬಸ್ಸು ಹತ್ತಿದವರ ಮೂಗಿನ ತುದಿಯಲ್ಲಿತ್ತು.

ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಇಸ್ತ್ರಿ ಅಂಗಿಯ ದೊಡ್ಡ ಮನುಷ್ಯರೊಬ್ಬರು ಮಾಸ್ಕನ್ನು ಗದ್ದಕ್ಕಿಳಿಸಿ ಕೆಮ್ಮುತ್ತಿದ್ದರು. ಇವಳು ನಗುತ್ತಲೇ ಕೇಳಿದಳು, "ಗದ್ದಕ್ಕೆ ಚಳೀನಾ ಅಣ್ಣಾ? ಮೂಗಿಗೂ ಸ್ವಲ್ಪ ಹೊದಿಸಿ."

"ಟಿಕೆಟ್ ಕೊಡೋದಷ್ಟೇ ನಿನ್ನ ಕೆಲಸ," ಅಂದರು. ಬೆರಳು ಫಲಕದ ಕಡೆಗಿತ್ತು. "ಓದೋಕೆ ಬರುತ್ತೆ ತಾನೆ? ನನ್ನ ಆರೋಗ್ಯ ನನ್ನ ಹೊಣೆ. ನಿಮ್ಮ ಸಾಹೇಬ್ರೇ ಬರೆಸಿರೋದು."

ಬಸ್ಸೆಲ್ಲ ನಕ್ಕಿತು. ಇವಳು ಚಿಲ್ಲರೆ ಕೊಟ್ಟು, ಮಾಸ್ಕ್ ಇಳಿಸಿ, ಸೀಟಿ ಊದಿದಳು. ಜ್ವರ ಅವರಿಂದಲೇ ಬಂತು ಎಂದು ಹೇಳಲಾರೆ, ಅಂಥವರು ದಿನವೂ ಹತ್ತುತ್ತಿದ್ದರು. ಆಸ್ಪತ್ರೆಯೊಳಕ್ಕೆ ತಾನೇ ನಡೆದುಹೋದಳು. ಮುಖವನ್ನು ನಮಗೆ ಯಾರೂ ತೋರಿಸಲಿಲ್ಲ.

ಅವಳ ಚೀಲ, ಸೀಟಿ ಒಪ್ಪಿಸಲು ನಿಮ್ಮ ಕಚೇರಿಗೆ ಬಂದಾಗ ಮೇಜಿನ ಆಚೆಯವರು, "ಅವರು ಸ್ವಲ್ಪ ಜಾಗ್ರತೆಯಾಗಿರಬೇಕಿತ್ತಮ್ಮ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಏನು ಮಾಡುವುದು, ಅವರೂ ಫಲಕ ಓದಿದವರೇ.

ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ನಿಮ್ಮಷ್ಟು ಕಾನೂನು ಬಾರದು. ಚಿಕ್ಕವರಿದ್ದಾಗ ಅವ್ವ ನಮ್ಮಿಬ್ಬರನ್ನೂ ದೇವರ ಮುಂದೆ ಕೂರಿಸಿ "ನಮ್ಮನ್ನು ಕಾಪಾಡು" ಅನ್ನಿಸುತ್ತಿದ್ದಳು. ಬಾಯಿತಪ್ಪಿ "ನನ್ನನ್ನು" ಅಂದರೆ ತಲೆಗೆ ಮೊಟಕುತ್ತಿದ್ದಳು. "ನೀನೊಬ್ಬಳೇನಾ ಅವನ ಮಗಳು? ಮಗ್ಗುಲಲ್ಲಿ ಕೂತವಳು ಯಾರು ಹಾಗಾದ್ರೆ?" ದೇವರು ಗಾಳಿಯನ್ನು ಒಬ್ಬೊಬ್ಬರಿಗೆ ಬೇರೆಬೇರೆ ಪೊಟ್ಟಣ ಕಟ್ಟಿ ಕೊಡಲಿಲ್ಲ ಸ್ವಾಮಿ. ನಾನು ಬಿಟ್ಟ ಉಸಿರನ್ನೇ ನೀವು ಎಳೆದುಕೊಳ್ಳುವುದು. ಅದಕ್ಕೆ ಬೇಲಿ ಹಾಕಿ, ಇದು ನನ್ನದು ಅದು ನಿನ್ನದು ಅಂದವರುಂಟೇ?

ಹೋದವಳನ್ನು ತಂದುಕೊಡಿ ಎಂದು ನಿಮ್ಮನ್ನು ಕೇಳುತ್ತಿಲ್ಲ, ಅದನ್ನು ಕೇಳುವ ಜಾಗ ಬೇರೆ ಇದೆ. ಮೊದಲನೆಯ "ನಿಮ್ಮ" ಅಳಿಸಿ "ಪಕ್ಕದವರ" ಎಂದು ಬರೆಸಿ. ಪಕ್ಕದವರ ಆರೋಗ್ಯ ನಿಮ್ಮ ಹೊಣೆ. ಬರೆಯುವವರು ಸಿಗದಿದ್ದರೆ ಬಟ್ಟೆಯ ಮೇಲೆ ದಾರದಲ್ಲಿ ಹೊಲಿದು ನಾನೇ ತಂದು ಕಟ್ಟುತ್ತೇನೆ. ಆ ಬಸ್ಸಿನಲ್ಲಿ ಈಗ ಇನ್ನೊಬ್ಬಳು ಸೀಟಿ ಊದುತ್ತಿದ್ದಾಳೆ. ಅವಳಿಗೂ ಒಬ್ಬ ಅಕ್ಕ ಇರಬಹುದು.

ಇಂತಿ,
ತನ್ನ ಆರೋಗ್ಯವನ್ನಷ್ಟೇ ಉಳಿಸಿಕೊಂಡ,
ಸೀಟಿಯಮ್ಮನ ಅಕ್ಕ