ತಗ್ಗಿನ ಮರಳಲ್ಲಿಟ್ಟ ತತ್ತಿ

ಶಹಾಪುರ
೨೭ ಮಾರ್ಚ್ ೧೯೮೯

ಗೆಳತಿ ಸುಂದ್ರಾ,

ಹುಣಸಗಿಯಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದು ನಂಬಿ ಈ ಕಾಗದ ಬರೆಯುತ್ತಿದ್ದೇನೆ. ಇಲ್ಲ ಎಂದಾದರೆ ಮೊದಲು ಎದ್ದು ಒಂದು ರೊಟ್ಟಿ ತಿಂದು ಬಾ, ಆಮೇಲೆ ಓದು. ನಿನ್ನ ಅತ್ತೆ ಅಯ್ಯಮ್ಮನವರಿಗೆ ನನ್ನ ಸಲಾಂ ಹೇಳು.

ನಿನ್ನೆ ಗಡ್ಡಿಗೆ ಹೋಗಿ ಬಂದೆ. ಹೋದದ್ದು ನೀನು ಹೇಳಿದ ಕೆಲಸಕ್ಕೇ. ಮನೆಯಲ್ಲಿ ಮಾತ್ರ, ಕೃಷ್ಣೆಯ ನಡುವೆ ದೊಡ್ಡ ಮರಳಿನ ನಡುಗಡ್ಡೆ ಇದೆಯಂತೆ, ಹಕ್ಕಿ, ಮೊಸಳೆ, ಹಳೇ ಕೋಟೆ ಎಲ್ಲ ಇವೆಯಂತೆ, ನೋಡಿ ಬರುತ್ತೇನೆ ಎಂದೆ. ಶಾಲೆಯ ಹುಡುಗಿಯರಿಗೆ ಕಲಿಸಿ ಕಲಿಸಿ ನನಗೂ ಹುಡುಗಾಟಿಕೆ ಬಂದಿದೆ ಎಂದು ಅಮ್ಮಿ ಗೊಣಗಿದಳು. ತಮ್ಮ ಮೌಲಾಲಿ ತನ್ನ ಗಾಡಿಯ ಮೇಲೆ ಕರೆದುಕೊಂಡು ಹೋದ. ಅವನಿಗೂ ನಿಜ ಹೇಳಲಿಲ್ಲ.

ಸುರಪುರ ದಾಟಿ ಹೊಳೆಯ ಕಡೆ ಹೊರಳಿದೆವು. ನಾವಿಬ್ಬರೂ ಟ್ರೇನಿಂಗ್ ಮಾಡುವಾಗ ಜೋಳ ನಿಲ್ಲುತ್ತಿದ್ದ ಹೊಲಗಳಲ್ಲಿ ಈಗ ಭತ್ತ. ಕಾಲುವೆ ತುಂಬಿ ಹರಿಯುತ್ತಿದೆ. ದಂಡೆಯ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತ ನಗಾಡುತ್ತಿದ್ದರು. ಇಷ್ಟು ಜನಕ್ಕೆ ಅನ್ನ ಕೊಟ್ಟ ನೀರು ಅದು, ಬೈಯಲು ನನಗೆ ಬಾಯಿ ಬರುವುದಿಲ್ಲ. ಹೊಗಳಲೂ ಬರುವುದಿಲ್ಲ.

ಹೊಳೆಯಲ್ಲಿ ಹರಿಗೋಲು ಸಿಕ್ಕಿತು. ಗಡ್ಡಿ ನಾನು ಎಣಿಸಿದ್ದಕ್ಕಿಂತ ಬಲು ದೊಡ್ಡದು ಸುಂದ್ರಾ. ಈ ತುದಿಯಲ್ಲಿ ನಿಂತರೆ ಆ ತುದಿಯ ಎಮ್ಮೆ ಇರುವೆಯಷ್ಟು ಕಾಣುತ್ತದೆ. ಎತ್ತರದ ಕಡೆ ಕರಿಜಾಲಿ, ಗುಡಿಸಲು, ಒಂದು ದರ್ಗಾ, ಮುರಿದ ಬುರುಜು. ಬುರುಜು ಸುರಪುರದ ಅರಸರದು ಎಂದು ಕಲ್ಲಂಗಡಿ ಬೆಳೆಯುವ ಅಂಬ್ರಪ್ಪ ಹೇಳಿದರೆ, ದರ್ಗಾ ಗುಡಿಸುವ ದಾವಲಬೀ, 'ಅದು ನಮ್ಮ ವಲಿ ಸಾಹೇಬ್ರದು, ಇಂವಗೇನ್ ಗೊತ್ತರಿ' ಎಂದು ಅವನ ಮುಖದ ಮೇಲೇ ಹೇಳಿದಳು. ಇಬ್ಬರೂ ದಿನಾ ಅದೇ ಜಗಳ ಆಡುತ್ತಾರಂತೆ, ದಿನಾ ಒಂದೇ ಒಲೆಯ ಚಹಾ ಕುಡಿಯುತ್ತಾರಂತೆ. ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಮೌಲಾಲಿ ಅದನ್ನು ನೋಡಿದವನು ಮತ್ತೆ ನೀರಿನ ಹತ್ತಿರ ಸುಳಿಯಲಿಲ್ಲ.

ಮುಖ್ಯ ಮಾತು ಬಿಟ್ಟು ಎಮ್ಮೆ ಮೊಸಳೆ ಬರೆಯುತ್ತಿದ್ದಾಳೆ ಎಂದು ನೀನು ಹಲ್ಲು ಕಡಿಯುತ್ತಿರಬಹುದು. ಬರೆಯುತ್ತೇನೆ, ತಡಿ. ನನಗೂ ಕೈ ಓಡಬೇಕಲ್ಲ.

ನೀನು ಕೇಳಿದ್ದು ಒಂದೇ. ಹೋದ ವರ್ಷ ಯುಗಾದಿ ಕಳೆದ ಮೇಲೆ ನಿನ್ನ ಗಂಡ ಲಿಂಗಣ್ಣ ಮಾಸ್ತರು ಆ ಹೊಳೆಯಲ್ಲಿ ಮುಳುಗಿದ್ದು ನೀರು ಬಂದದ್ದು ಗೊತ್ತಾಗದೆಯೋ, ಗೊತ್ತಿದ್ದೋ. ಹೆಣ ಸಿಕ್ಕಿತು, ಮಣ್ಣು ಕೊಟ್ಟದ್ದಾಯಿತು, ಊರು ಮರೆಯಿತು. ನೀನು ಮರೆಯಲಿಲ್ಲ. ಕೂಸು ಹೊಟ್ಟೆಯಲ್ಲೇ ಹೋಗಿ ನೀನು ದವಾಖಾನೆಯಿಂದ ಬಂದು ಇನ್ನೂ ಮಲಗಿದ್ದಾಗಲೇ ಅವರು ಹಕ್ಕಿ ನೋಡಲು ಹೊರಟರು. ನಿನಗೆ ಸಿಟ್ಟು ಬಂತು. 'ಹೋಗ್ರಿ, ಆ ಹಕ್ಕಿ ಕೂಡೇ ಸಂಸಾರ ಮಾಡ್ರಿ, ಈ ಮನೀಗಿ ತಿರಗಿ ಬರಬ್ಯಾಡ್ರಿ' ಎಂದುಬಿಟ್ಟೆ. ಅವರು ಬರಲಿಲ್ಲ. ನನ್ನ ಮಾತೇ ಅವರನ್ನು ಕೊಂದಿತೇ ಮಮ್ತಾಜ, ಎಂದು ನೀನು ಮೊಹರಮ್ಮಿಗೆ ಬಂದಾಗ ನಮ್ಮ ಅಡುಗೆಮನೆಯ ಗೋಡೆಗೆ ತಲೆ ಇಟ್ಟು ಕೇಳಿದ್ದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಇಲ್ಲ. ನಿನ್ನ ಮಾತು ಕೊಲ್ಲಲಿಲ್ಲ. ನಾನು ಕೇಳಿ ತಿಳಿದುಕೊಂಡು ಬರೆಯುತ್ತಿದ್ದೇನೆ, ಸಮಾಧಾನಕ್ಕೆ ಹೇಳುತ್ತಿಲ್ಲ.

ಗಡ್ಡಿಯವರದು ಒಂದು ಹಳೆಯ ರೂಢಿ ಇದೆ. ಚಳಿ ಹೋದ ಮೇಲೆ ಹೊಳೆ ಬತ್ತಿ ತಗ್ಗಿನ ಮರಳು ಬಯಲಿಗೆ ಬೀಳುತ್ತದೆ. ಕರಿ ತಲೆಯ, ಹಳದಿ ಕೊಕ್ಕಿನ ಬಿಳಿ ಹಕ್ಕಿಗಳು ಬಂದು ಬರೀ ಮರಳಲ್ಲೇ ತತ್ತಿ ಇಡುತ್ತವೆ. ಗೂಡಿಲ್ಲ, ಗೀಡಿಲ್ಲ. ಹಕ್ಕಿ ತತ್ತಿ ಇಟ್ಟ ಮೇಲೆ ಮುಂಗಾರಿನವರೆಗೂ ಹೊಳೆ ಏರುವುದಿಲ್ಲ ಎಂದು ಇವರ ಅಜ್ಜ ಮುತ್ತಜ್ಜರೆಲ್ಲ ನಂಬಿದವರು. ಹಕ್ಕಿ ಕೂತ ಮೇಲೆಯೇ ತಗ್ಗಿನಲ್ಲಿ ಕಲ್ಲಂಗಡಿ ಬೀಜ ಹಾಕುವುದು, ಅಲ್ಲೇ ಚಪ್ಪರ ಹಾಕಿ ಮಲಗುವುದು, ದಂಡೆಗೆ ಹರಿಗೋಲು ಹತ್ತದೆ ಮೊಣಕಾಲು ನೀರಲ್ಲಿ ನಡೆದೇ ದಾಟುವುದು. ಹೋದ ವರ್ಷದಿಂದ ಮಾತ್ರ ಹರಿಗೋಲೇ ಅಂತೆ. ತತ್ತಿಯ ಸುತ್ತ ಜಾಲಿ ಮುಳ್ಳು ನೆಟ್ಟು ನಾಯಿ ಬರದಂತೆ ಕಾಯುತ್ತಾರೆ. ನಾನೇ ಕಂಡೆ. ಮರಳಿನ ಬಣ್ಣದ್ದೇ ತತ್ತಿ, ಕಂದು ಚುಕ್ಕೆ. ಮುಳ್ಳಿಲ್ಲದಿದ್ದರೆ ತುಳಿದೇಬಿಡುತ್ತಿದ್ದೆ. ತಾಯಿ ಹಕ್ಕಿ ತಲೆಯ ಮೇಲೇ ಬಂದು ಕಿರುಚಿ ನನ್ನನ್ನು ಓಡಿಸಿತು.

ಈಗ ಮೇಲೆ ಅಣೆಕಟ್ಟು ಇದೆ. ಮೋಡವಿಲ್ಲದೆ, ನೊರೆಯಿಲ್ಲದೆ, ಕೆಂಪಾಗದೆ ಬಿರುಬೇಸಿಗೆಯಲ್ಲೂ ನೀರು ಬರುತ್ತದೆ. ಹೋದ ವರ್ಷ ನೀರು ಬಿಡುವ ಮುನ್ನ ದಂಡೆಯ ಊರುಗಳಲ್ಲಿ ಡಂಗುರ ಹೊಡೆಸಿದ್ದರಂತೆ. ಗಾಳಿ ಆ ಕಡೆ ಬೀಸುತ್ತಿತ್ತು, ಗಡ್ಡಿಗೆ ಕೇಳಿಸಲಿಲ್ಲ. 'ಹಕ್ಕಿ ಕುಂತಾವಲ್ರಿ ಅಂತ ನಾವೂ ಕುಂತಿವ್ರಿ. ಅವಕ್ಕೂ ತಿಳೀಲಿಲ್ಲ, ನಮಗೂ ತಿಳೀಲಿಲ್ಲ' ಎಂದ ಅಂಬ್ರಪ್ಪ. ತಗ್ಗಿನ ತತ್ತಿ ಒಂದೂ ಉಳಿಯಲಿಲ್ಲವಂತೆ. ನೀರು ಇಳಿಯುವವರೆಗೆ ಹಕ್ಕಿಗಳು ಆ ಜಾಗದ ಮೇಲೆ ಸುತ್ತಿ ಸುತ್ತಿ ಕೂಗಿದವಂತೆ. ಅದನ್ನು ಹೇಳುವಾಗ ದಾವಲಬೀ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊಳೆಯ ಮೇಲೇ ಹುಟ್ಟಿ ಹೊಳೆಯ ಮೇಲೇ ಬದುಕುವ ಹಕ್ಕಿಗಳಿಗೇ ತಿಳಿಯಲಿಲ್ಲ ಎಂದ ಮೇಲೆ ಲಿಂಗಣ್ಣ ಮಾಸ್ತರಿಗೆ ಹೇಗೆ ತಿಳಿಯಬೇಕು, ನೀನೇ ಹೇಳು. ಅವರು ಹಕ್ಕಿಯನ್ನು ನಂಬಿ ನೀರಿಗೆ ಇಳಿದರು. ಅಷ್ಟೇ ಆದದ್ದು.

ಹಿಂದಿನ ಸಂಜೆ ಅಂಬ್ರಪ್ಪನ ಚಪ್ಪರದಲ್ಲೇ ಉಂಡಿದ್ದರು. ರೊಟ್ಟಿ, ಪುಂಡಿಪಲ್ಯ. ಚೆನ್ನಾಗಿ ಉಂಡರಂತೆ, ನಗುನಗುತ್ತ ಮಾತಾಡಿದರಂತೆ. ಮನೆಯಲ್ಲಿ ಹೆಂಡತಿಗೆ ಮೈ ಹುಷಾರಿಲ್ಲ, ಬೇಗ ಹೋಗಬೇಕು, ಒಂದು ಒಳ್ಳೆ ಹಣ್ಣು ಆರಿಸಿ ಕೊಡು ಎಂದು ಕೇಳಿದ್ದರಂತೆ. ಬೆಳಕು ಹರಿಯುತ್ತಲೇ ದಂಡೆಯ ಕಡೆ ನಡೆದರು. ನಡುನೀರಲ್ಲಿದ್ದಾಗ ಹೊಳೆ ಏರಿತು. ಅಂಬ್ರಪ್ಪ ಹಣ್ಣಿನ ತೋಟದಲ್ಲಿದ್ದ, ಯಾರೂ ನೋಡಲಿಲ್ಲ. ಅವರು ಮನೆಗೆ ಬರುತ್ತಿದ್ದರು ಸುಂದ್ರಾ. ನಿನ್ನ ಹತ್ತಿರವೇ ಬರುತ್ತಿದ್ದರು.

ಇನ್ನು ನೀನು ಅಳು, ಬೇಡ ಎನ್ನುವುದಿಲ್ಲ. ಗಂಡ ಸತ್ತದ್ದಕ್ಕೆ ಅಳು, ಕೂಸು ಹೋದದ್ದಕ್ಕೆ ಅಳು. ಆದರೆ ಗಂಡನನ್ನು ಕೊಂದವಳು ಎಂದು ಅಳಬೇಡ. ಗಂಡ ಹೆಂಡತಿ ಎಂದ ಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ. ಅಂಥ ಮಾತಿಗೆಲ್ಲ ಜೀವ ಹೋಗುವುದಾದರೆ ನಮ್ಮ ಅಬ್ಬಾ ನನ್ನ ಹುಟ್ಟು ನೋಡುತ್ತಲೇ ಇರಲಿಲ್ಲ. ಅಮ್ಮಿಯ ನಾಲಿಗೆ ನಿನಗೆ ಗೊತ್ತೇ ಇದೆ.

ಬರುವ ಮೊದಲು ದರ್ಗಾದಲ್ಲಿ ಕೂತು ಅವರ ಹೆಸರಲ್ಲಿ ಫಾತಿಹಾ ಓದಿದೆ. ಅವರಿಗೆ ಸಲ್ಲುತ್ತದೋ ಇಲ್ಲವೋ, ನನಗೆ ಸುಮ್ಮನೆ ಬರಲಾಗಲಿಲ್ಲ. ಹರಿಗೋಲಲ್ಲಿ ಕೂತಾಗ ಮೌಲಾಲಿ, ಅಕ್ಕಾ ಹಕ್ಕಿ ನೋಡಿ ಯಾರಾದರೂ ಅಳುತ್ತಾರೇನು ಎಂದು ಕೇಳಿದ. ಕಣ್ಣಲ್ಲಿ ಮರಳು ಬಿದ್ದಿದೆ ಎಂದೆ.

ಶಾಲೆಗೆ ಹೋಗಲು ಶುರು ಮಾಡು. ಎಷ್ಟು ದಿನ ರಜೆ ಎಂದು ಕೂರುತ್ತೀ? ರಾತ್ರಿ ನಿದ್ದೆ ಬರದಿದ್ದರೆ ಈ ಕಾಗದವನ್ನೇ ಮತ್ತೆ ಓದು. ಪರೀಕ್ಷೆ ಮುಗಿದ ಮೇಲೆ ಬಂದು ನಿನ್ನ ಜೊತೆ ಕೆಲವು ದಿನ ಇರುತ್ತೇನೆ.

ಎಂದೆಂದೂ ನಿನ್ನವಳೇ ಆದ
ಮಮ್ತಾಜ

ತಾಜಾ ಕಲಂ: ಗಡ್ಡಿಗೆ ಮಾತ್ರ ನೀನು ಹೋಗಬೇಡ. ಹಟ ಹಿಡಿದು ಹೋದರೂ ಅಂಬ್ರಪ್ಪನನ್ನು ಆ ಮುಂಜಾನೆಯ ಸುದ್ದಿ ಕೇಳಬೇಡ. ವಯಸ್ಸಾದ ಮನುಷ್ಯ, ಇವತ್ತು ಒಂದು ಹೇಳಿದರೆ ನಾಳೆ ಇನ್ನೊಂದು. 'ನೀರ್ ಬರಾಕತ್ತಾವ, ತಿರಗ್ರೀ ಮಾಸ್ತರ ಅಂತ ಒದರೀನ್ರಿ. ಕೇಳ್ಯಾರ. ತಿರಗಿ ನೋಡಿ ಕೈ ಮುಗದಾರ. ಮತ್ತ ನೀರಾಗೇ ನಡದಾರ' ಎಂದು ಹೇಳಿದರೆ ನಂಬಬೇಡ. ನಾನು ನಂಬಿಲ್ಲ.