ಉಂಡೆ ಕರಡಿ ವೇಷ ಹಾಕಿದ್ದು

ಹೇರ್‌ಕಟಿಂಗ್ ಅಂಗಡಿಯ ಮಹಡಿ ಮನೆ,
ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಪ್ರೀತಿಯ ಅಜ್ಜೀ,

ನಿನ್ನ ಮೂಗಿಗೆ ನನ್ನ ಮೂಗು ತಾಗಿಸಿ ಈ ಕಾಗದ ಶುರು ಮಾಡುತ್ತಿದ್ದೇನೆ. ಹೇಗಿದ್ದೀಯ? ಮಂಡಿನೋವು ಹೇಗಿದೆ? ಜೇನು ಕಚ್ಚಿ ತುಟಿ ಊದಿಕೊಂಡಿತ್ತಂತಲ್ಲ, ಇಳಿಯಿತೇ? ಈ ವಯಸ್ಸಿನಲ್ಲಿ ಮರ ಹತ್ತಬೇಡವೆಂದು ನಿನಗೆ ಹೇಳಬೇಕಂತೆ, ಅಮ್ಮನ ಮಾತು. ಹೇಳಿದರೂ ನೀನು ಕೇಳುವವಳಲ್ಲ ಎಂಬುದೂ ಅಮ್ಮನ ಮಾತೇ. ಗಿಳಿ ಮಾಮಾ, ಅಜ್ಜಿಗೆ ಇದನ್ನು ಓದಿ ಹೇಳುವಾಗ ದಯವಿಟ್ಟು ಒಂದೊಂದು ಸಾಲನ್ನು ಒಂದೇ ಸಲ ಓದು. ಹೋದ ಸಲ ನೀನು ಎಲ್ಲವನ್ನೂ ಎರಡೆರಡು ಸಲ ಓದಿದ್ದಕ್ಕೆ, ನನಗೆ ಜ್ವರ ಬಂದು ಹೋಗಿ ಮತ್ತೆ ಬಂದಿದೆ ಎಂದುಕೊಂಡು ಅಜ್ಜಿ ಊಟ ಬಿಟ್ಟಿದ್ದಳಂತೆ.

ನಾವೆಲ್ಲ ಚೆನ್ನಾಗಿದ್ದೇವೆ. ಕರಡಿಗಳು ಊರಿನಲ್ಲಿ ಮನುಷ್ಯರಾಗಿ ಬದುಕುತ್ತಾ ಎಷ್ಟು ಚೆನ್ನಾಗಿರಬಹುದೋ ಅಷ್ಟು. ಅಪ್ಪ ಎಲ್ಲರಿಗಿಂತ ಮುಂಚೆ ಎದ್ದು ಮೊದಲು ತನ್ನ ಮೈಯನ್ನೇ ಬೋಳಿಸಿಕೊಳ್ಳುತ್ತಾನೆ, ಆಮೇಲೆ ಕೆಳಗಿಳಿದು ಅಂಗಡಿ ತೆರೆದು ಊರಿನವರ ಕೂದಲು ಕತ್ತರಿಸುತ್ತಾನೆ. ಬಾಚಣಿಗೆ ಕೈಗೆ ಸಿಗದಿದ್ದರೆ ಉಗುರಿನಲ್ಲೇ ಬಾಚುತ್ತಾನೆ. ಗಿರಾಕಿಗಳಿಗೆ ಅದೇ ಹಿತವಂತೆ, ಕೂತಲ್ಲೇ ನಿದ್ದೆ ಹೋಗುತ್ತಾರೆ. ಅಮ್ಮ ಲಾಂಡ್ರಿಯಲ್ಲಿದ್ದಾಳೆ. ಬೇರೆಯವರು ಬಟ್ಟೆಗೆ ಗುರುತಿನ ಚೀಟಿ ಕಟ್ಟುತ್ತಾರೆ, ಅಮ್ಮ ಒಂದು ಸಲ ಮೂಸಿ ಯಾರ ಅಂಗಿ ಎಂದು ಹೇಳಿಬಿಡುತ್ತಾಳೆ. ಮೂಲೆಯ ಟೈಲರ್ ಮುಳ್ಳುಹಂದಿ ಇನ್ನೂ ಸೂಜಿ ಕೊಂಡಿಲ್ಲ, ಬೇಕೆನಿಸಿದಾಗ ಕೋಟಿನೊಳಗೆ ಕೈ ಹಾಕಿ ಬೆನ್ನಿನಿಂದ ಒಂದು ಕೀಳುತ್ತಾನೆ. ಈ ಕಾಗದ ತರುವ ಬಸ್ ಕಂಡಕ್ಟರ್ ನಿನಗೇ ಗೊತ್ತು, ನಮ್ಮ ಮುಸುವ. ಬಸ್ಸು ಎಷ್ಟೇ ತುಂಬಿರಲಿ, ಮೇಲಿನ ಕಂಬಿ ಹಿಡಿದು ಎಲ್ಲರ ತಲೆಯ ಮೇಲಿಂದಲೇ ಹೋಗಿ ಟಿಕೆಟ್ ಕೊಟ್ಟು ಬರುತ್ತಾನೆ. ಏನು ಚುರುಕು ಮನುಷ್ಯ ಎಂದು ಜನ ಹೊಗಳುತ್ತಾರೆ. ಬಾಲ ಪ್ಯಾಂಟಿನ ಯಾವ ಕಾಲಿನಲ್ಲಿದೆ ಎಂದು ನನಗೊಬ್ಬಳಿಗೆ ಗೊತ್ತು, ನಾನು ಹೇಳುವುದಿಲ್ಲ.

ಅಪ್ಪ ಒಂದು ಎಡವಟ್ಟು ಮಾಡಿದ. ಬೆನ್ನು ವಿಪರೀತ ಕೆರೆಯುತ್ತಿತ್ತಂತೆ, ಗಿರಾಕಿ ಇಲ್ಲದ ಹೊತ್ತು ನೋಡಿ ಅಂಗಡಿ ಮುಂದಿನ ದೀಪದ ಕಂಬಕ್ಕೆ ಬೆನ್ನು ಕೊಟ್ಟು, ನೀನು ನಿನ್ನ ಮರಕ್ಕೆ ಉಜ್ಜುತ್ತೀಯಲ್ಲ, ಹಾಗೇ ಕಣ್ಣುಮುಚ್ಚಿ ಉಜ್ಜಿದ್ದಾನೆ. ಕಿರಾಣಿ ಅಂಗಡಿಯವನು ನೋಡಿಬಿಟ್ಟ. ಅಪ್ಪ ತಡವರಿಸಿ, "ಸೊಂಟನೋವಿಗೆ ಒಳ್ಳೇದು" ಅಂದುಬಿಟ್ಟ. ಈಗ ಸಂಜೆಯಾದರೆ ಬೀದಿಯ ಹಿರಿಯರೆಲ್ಲ ಕಂಬದ ಹತ್ತಿರ ಸಾಲು ನಿಲ್ಲುತ್ತಾರೆ, ಅಪ್ಪನಿಗೇ ಜಾಗ ಸಿಗುವುದಿಲ್ಲ.

ಇನ್ನು ನಮ್ಮ ಉಂಡೆಯ ವಿಷಯ. ನೀನು ನೋಡಿಲ್ಲದ ಮೊಮ್ಮಗಳು ಎಂದು ಅವಳ ಬಗ್ಗೆ ಎಷ್ಟು ಬರೆದರೂ ನಿನಗೆ ಸಾಲದು. ಅವಳು ಹುಟ್ಟಿದ್ದು ಇದೇ ಮಹಡಿಯಲ್ಲಿ, ಕಾಡಿನ ಗಾಳಿ ಅವಳಿಗೆ ತಾಗಿಯೇ ಇಲ್ಲ. ತಾನು ಮನುಷ್ಯರ ಮಗು ಎಂದೇ ನಂಬಿದ್ದಾಳೆ. ಅಂಗಡಿಗೆ ರಜೆ ಇರುವ ದಿನ ಎಲ್ಲರ ಮನೆಯಲ್ಲೂ ಅಪ್ಪಂದಿರು ಮಕ್ಕಳನ್ನು ಸಾಲಾಗಿ ಕೂರಿಸಿ ಮೈ ಬೋಳಿಸುತ್ತಾರೆ ಎಂದುಕೊಂಡಿದ್ದಾಳೆ! ದೊಡ್ಡವಳಾದ ಮೇಲೆ ಹೇಳೋಣ ಎಂದು ಅಪ್ಪ ಅಮ್ಮ ಸುಮ್ಮನಿದ್ದರು. ಅಷ್ಟರಲ್ಲಿ ಶಾಲೆಯಲ್ಲಿ ಟೀಚರ್ ಕರಡಿಯ ಚಿತ್ರ ತೋರಿಸಿದರಂತೆ. ಇವಳು ಅಳುತ್ತಾ ಮನೆಗೆ ಬಂದು ಅಪ್ಪನ ತೊಡೆ ಏರಿ, "ಕರಡಿ ಬಂದ್ರೆ ನನ್ನ ತಿಂದುಬಿಡುತ್ತಾ ಅಪ್ಪ?" ಎಂದು ಕೇಳಿದಳು. ಅಪ್ಪ ಅವಳ ಕಣ್ಣೊರೆಸಿದ. "ನಾನಿರುವಾಗ ಯಾವ ಕರಡಿ ಬರುತ್ತೆ ಬಿಡು" ಎಂದು ಹೇಳಿ, ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ನಲ್ಲಿಯ ಸದ್ದಿನಲ್ಲಿ ಅಳುವುದು ನಮಗೆ ಕೇಳಿಸುವುದಿಲ್ಲ ಎಂದು ಅವನ ಲೆಕ್ಕ.

ನೀನು ಬರುತ್ತೇನೆಂದಾಗ ಈಗ ಬೇಡ ಎಂದು ಅಪ್ಪ ಕಂಡಕ್ಟರ್ ಹತ್ತಿರ ಹೇಳಿಕಳಿಸಿದ್ದು ಇದಕ್ಕೇ ಅಜ್ಜಿ. ನಿನಗೆ ತುಂಬ ನೋವಾಗಿರಬೇಕು. ಅದಕ್ಕೂ ಮೊದಲು ಅಮ್ಮ ಟೈಲರ್ ಕೈಲಿ ನಿನಗಾಗಿ ದೊಡ್ಡ ಕೋಟು ಹೊಲಿಸಿಟ್ಟಿದ್ದಳು, ನಿನ್ನ ಮೈ ಬೋಳಿಸಲು ಅಪ್ಪ ಕತ್ತಿ ಮಸೆದಿಟ್ಟಿದ್ದ. ನೀನೋ, "ಬಂದ್ರೆ ನನ್ನ ಕೂದಲಿನ ಜೊತೆಗೇ ಬರ್ತೀನಿ, ಇಲ್ಲದಿದ್ರೆ ಬರೋದೇ ಇಲ್ಲ" ಎಂದೆಯಂತೆ. ಕೂದಲಿನ ಜೊತೆ ಬಂದರೆ ಉಂಡೆ ನಿನ್ನನ್ನು ನೋಡಿ ಕಿರುಚುತ್ತಾಳೆ. ಸ್ವಂತ ಮೊಮ್ಮಗಳು ನಿನ್ನ ಕಂಡು ಮಂಚದಡಿ ಓಡುವುದನ್ನು ಅಪ್ಪನಿಗೆ ನೋಡಲಾಗುವುದಿಲ್ಲ. ಅವರವರ ಹಟ ಅವರವರಿಗೆ ಸರಿ, ನಡುವೆ ನಾನು ಸೊರಗುತ್ತಿದ್ದೇನೆ. ನಿನ್ನನ್ನು ನೋಡಬೇಕು ಎಂದು ಎಷ್ಟು ಅನಿಸುತ್ತದೆ ಗೊತ್ತಾ? ನಿನ್ನ ಹೊಟ್ಟೆಯ ಮೇಲೆ ಬೋರಲು ಮಲಗಿದಾಗ ಒಳಗೆ ಗುಡುಗುಡು ಎನ್ನುತ್ತಿತ್ತಲ್ಲ, ಅದು ನೆನಪಿದೆ. ನೀನು ಹುತ್ತ ಕೆದರಿ, ಮೊದಲ ತುತ್ತು ನನಗೇ ಬಿಟ್ಟು ಆಚೆ ನೋಡುತ್ತಿದ್ದದ್ದೂ ನೆನಪಿದೆ. ಆದರೆ ನಿನ್ನ ವಾಸನೆ ಮಾತ್ರ ಎಷ್ಟು ಯೋಚಿಸಿದರೂ ಸರಿಯಾಗಿ ಬರುತ್ತಿಲ್ಲ ಅಜ್ಜಿ. ಅರ್ಧ ಬಂದು ನಿಂತುಬಿಡುತ್ತದೆ. ಇದನ್ನು ಅಮ್ಮನಿಗೂ ಹೇಳಿಲ್ಲ.

ಈಗ ನಿನ್ನೆ ನಡೆದದ್ದನ್ನು ಕೇಳು. ಉಂಡೆಯ ಶಾಲೆಯಲ್ಲಿ ನಾಟಕವಿತ್ತು. ಕಾಡಿನಲ್ಲಿ ದಾರಿ ತಪ್ಪಿದ ಪ್ರಯಾಣಿಕನ ಎದುರು ಒಂದು ಕರಡಿ ಬರಬೇಕು. ಇಡೀ ತರಗತಿಯಲ್ಲಿ ಕರಡಿ ವೇಷಕ್ಕೆ ಸರಿಹೊಂದುವ ಗಾತ್ರ ನಮ್ಮ ಉಂಡೆಯದೊಂದೇ! ಮೊದಲು ಅತ್ತಳು. ಆಮೇಲೆ ವೇಷದ ಆಸೆ ಹೆದರಿಕೆಯನ್ನು ಗೆದ್ದಿತು. ಕರಡಿ ಹೇಗೆ ನಡೆಯುತ್ತೆ ಹೇಳಿಕೊಡು ಅಕ್ಕಾ ಎಂದು ನನ್ನ ಬೆನ್ನು ಬಿದ್ದಳು. ನಾನು ಬಾಗಿಲು ಹಾಕಿಕೊಂಡು ಹೇಳಿಕೊಟ್ಟೆ. ಪಾದ ಒಳಗೆ ತಿರುಗಿಸಿ ನಡೆಯುವುದು, ನಿಂತು ಗಾಳಿ ಮೂಸುವುದು, ಎಲ್ಲವೂ ಒಂದೇ ಸಲಕ್ಕೆ ಬಂತು. ಕೂಗುವುದು ಬೇಕಲ್ಲ? ನಾನು ಕಾಡು ಬಿಡುವಾಗ ಚಿಕ್ಕವಳು, ನಿನ್ನಿಂದ ಕಲಿತಿದ್ದು ಒಂದೇ ಕೂಗು. ಅದನ್ನೇ ಕಲಿಸಿದೆ. ನಿನಗೆ ಅರ್ಥವಾಗಿರಬೇಕು ಅಜ್ಜಿ, ಅದು ಕಳೆದುಹೋದ ಮರಿ ತಾಯಿಯನ್ನು ಕರೆಯುವ ಕೂಗು. ಅಮ್ಮನನ್ನು ನೆನೆದುಕೊಂಡು ಕೂಗು ಎಂದು ಉಂಡೆಗೂ ಹೇಳಿದ್ದೆ.

ವೇದಿಕೆಯ ಮೇಲೆ ಕರಡಿ ಬಂತು, ಪ್ರಯಾಣಿಕ ನಡುಗಿದ, ಜನ ನಕ್ಕರು. ಉಂಡೆ ಮೂತಿ ಮೇಲೆತ್ತಿ ಕೂಗಿದಳು ನೋಡು ಅಜ್ಜಿ, ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ನಾಲ್ಕೂ ಕಾಲಿನಲ್ಲಿ ಹೊರಟಳು! ಕುರ್ಚಿಗಳ ಮೇಲಿಂದ, ಊರಿನ ದೊಡ್ಡ ಮನುಷ್ಯರ ತೊಡೆಗಳ ಮೇಲಿಂದ, ಚಪ್ಪಲಿ ಒಂದು ಕಡೆ, ಕೈಚೀಲ ಒಂದು ಕಡೆ. ಅವಳ ಹಿಂದೆ ಅಪ್ಪ. ಗಾಬರಿಗೆ ಕಂಡಕ್ಟರ್ ಪರದೆಯ ಕಂಬಿಗೆ ಜೋತುಬಿದ್ದ, ಟೈಲರ್ ಕೂತಿದ್ದ ಕುರ್ಚಿಯ ಮೆತ್ತೆ ಹರಿದೇಹೋಯಿತು. ಅಮ್ಮ ವೇದಿಕೆ ಹತ್ತಿ ಉಂಡೆಯನ್ನು ಎದೆಗೆ ಒತ್ತಿಕೊಂಡು ಪ್ರಯಾಣಿಕನ ಕಡೆ ಹಲ್ಲು ತೋರಿಸಿದಳು. ಪಾಪ, ಆ ಹುಡುಗ ಮುಂದಿನ ಮಾತು ಮರೆತ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. "ಮನೆಯವರೆಲ್ಲ ನಾಟಕದಲ್ಲಿದೀರಿ ಅಂತ ಮೊದ್ಲೇ ಹೇಳ್ಬಾರ್ದಾ" ಎಂದು ಹೆಡ್‌ಮಿಸ್ಟ್ರೆಸ್ ಅಮ್ಮನಿಗೂ ಒಂದು ಬಹುಮಾನ ಕೊಟ್ಟರು.

ಮನೆಗೆ ಬಂದ ಮೇಲೂ ಅಮ್ಮ ಉಂಡೆಯನ್ನು ಕೆಳಗಿಳಿಸಲೇ ಇಲ್ಲ. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆ ಕೂಗು ನಿನಗೂ ಕೇಳಿಸಿ, ಬೀದಿಯ ತುದಿಯಲ್ಲಿ ನೀನು ಓಡಿ ಬರುತ್ತೀಯೇನೋ ಎಂದು ಒಂದು ಹುಚ್ಚು ಆಸೆ. ಅಷ್ಟು ದೂರ ಕೇಳುವುದಿಲ್ಲ ಎಂದು ಗೊತ್ತು, ಆದರೂ ನಿಂತಿದ್ದೆ.

ಗಿಳಿ ಮಾಮನಿಗೆ ನನ್ನ ನಮಸ್ಕಾರ. ನಿನ್ನ ಮರಕ್ಕೆ ನನ್ನ ಪರವಾಗಿ ಒಂದು ಸಲ ಬೆನ್ನುಜ್ಜು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ಇಂತಿ,
ನಿನ್ನ ಹೊಟ್ಟೆಯ ಮೇಲೆ ಮಲಗಿ ಬೆಳೆದ
ದೊಡ್ಡ ಮೊಮ್ಮಗಳು

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಉಂಡೆ ಬಂದು ಪಕ್ಕದಲ್ಲಿ ಕೂತಳು. "ಅಕ್ಕಾ, ನಾನು ಕೂಗಿದ್ದು ಎಲ್ರಿಗೂ ಬರೀ ಗುರ್ ಅಂತ ಕೇಳಿಸ್ತು. ನಾನು ಕರೀತಿದೀನಿ ಅಂತ ಅಮ್ಮಂಗೆ ಮಾತ್ರ ಹೇಗೆ ಗೊತ್ತಾಯ್ತು?" ಎಂದು ಕೇಳಿದಳು. ಸುಳ್ಳು ಹೇಳಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡು, ಕೆಳಗಿಳಿದು ಹೋಗಿ ಇದು ನಿಜವೇ ಎಂದು ಅಪ್ಪನನ್ನು ಕೇಳಿದ್ದಾಳೆ. ಅಪ್ಪ ಗಿರಾಕಿಯ ಅರ್ಧ ಮೀಸೆ ಹಾಗೇ ಬಿಟ್ಟು ಅವಳನ್ನು ಎತ್ತಿಕೊಂಡು ಮೇಲೆ ಬಂದ. ಬೇಡ ಅಂದದ್ದನ್ನು ನೀನು ಮರೆತುಬಿಡಬೇಕಂತೆ, ಕೂದಲಿನ ಜೊತೆಗೇ ಬರಬೇಕಂತೆ, ಈಗಲೇ ಬರೆ ಎನ್ನುತ್ತಾ ನನ್ನ ತಲೆಯ ಮೇಲೇ ನಿಂತಿದ್ದಾನೆ. ಕಂಡಕ್ಟರ್ ಕೆಳಗೆ ಹಾರನ್ ಹೊಡೆಸುತ್ತಿದ್ದಾನೆ. ಉಂಡೆಗೆ ಈಗ ಕರಡಿಯ ಹೆದರಿಕೆ ಇಲ್ಲ, ಬೇರೆ ಚಿಂತೆ ಹತ್ತಿದೆ: "ಅಜ್ಜಿ ಕಾಡಲ್ಲಿರೋಳಲ್ವಾ, ಮನುಷ್ಯರ ಥರ ಇರೋ ನನ್ನ ನೋಡಿ ಹೆದರಿ ಓಡಿಹೋಗ್ಬಿಟ್ರೆ?" ಇದಕ್ಕೆ ನಾನು ಏನು ಹೇಳಿದರೂ ನಂಬುತ್ತಿಲ್ಲ. ನೀನೇ ಬಂದು ಹೇಳಬೇಕು ಅಜ್ಜಿ.